ಹೆಸರೆತ್ತಬಾರದ ಗಿಡ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಆ ಗಿಡ ಎಷ್ಟು ಕಾರಣವೋ ನನ್ನ ಬಾಯಿಯೂ ಅಷ್ಟೇ ಕಾರಣ. ಮದುವೆ ಮಾಡಿ ಕಳಿಸುವಾಗ ನಮ್ಮಮ್ಮ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಾಲಿಗೆ ಬಿಗಿ ಹಿಡ್ಕೊಳೇ" ಎಂದು ಗಾಡಿ ಹತ್ತುವವರೆಗೂ ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೆ ಏನು ಖರ್ಚು!

ಅರವತ್ತರ ದಶಕದ ನಡುವಿನ ಮಾತು. ಹೊಸಕೋಟೆ ಕಡೆಯ ಹಳ್ಳಿಯಿಂದ ನಾನು ಸೊಸೆಯಾಗಿ ಬಂದದ್ದು ದೊಡ್ಡಬಳ್ಳಾಪುರ ತಾಲ್ಲೂಕಿಗೆ, ಸಾಸಲಿನಿಂದ ಎರಡು ಮೈಲಿ ಒಳಗಿನ ಊರಿಗೆ. ಮನೆಯಲ್ಲಿ ಮೂರೇ ಜನ. ಮಾವನವರು ಮೊದಲೇ ತೀರಿಕೊಂಡಿದ್ದರು. ಹೊಲವನ್ನು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ ಕೊಟ್ಟು ನಮ್ಮ ಯಜಮಾನರು ಪೇಟೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಉಳಿದ ಇಡೀ ಹಗಲು ನಾನು ಮತ್ತು ಅತ್ತೆ, ಇಬ್ಬರೇ.

ಅತ್ತೆಯ ಎಡಗಣ್ಣು ಚಿಕ್ಕವರಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಕವಿಯುತ್ತಿತ್ತು. ಬೆಳಕು ಗೊತ್ತಾಗುತ್ತಿತ್ತು, ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ತಿಳಿಯುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೆ ಅವರ ಬೆರಳುಗಳಿಗೆ ಕಣ್ಣಿದ್ದವು. ಅವರ ತವರು ಆವತಿ. ಅಲ್ಲಿ ಅವರ ಮನೆಯವರು ಈಶ್ವರನ ಗುಡಿಗೆ ಹೂವಿನ ತೋಟ ಇಟ್ಟುಕೊಂಡಿದ್ದರಂತೆ. ಐದನೆಯ ವಯಸ್ಸಿನಿಂದಲೇ ಹೂ ಬಿಡಿಸಿ ಕಟ್ಟಿ ಬೆಳೆದವರು. ಕಣ್ಣು ಮಸುಕಾದ ಮೇಲೂ ಗೋಡೆಗೊರಗಿ ಕೂತು ಕನಕಾಂಬರ ಕಟ್ಟಿದರೆ ಒಂದು ಹೂವೂ ಹಿಂದುಮುಂದಾಗುತ್ತಿರಲಿಲ್ಲ.

ಆ ಬೆರಳುಗಳೇ ನನಗೆ ಶತ್ರು. ನಾನು ರಾಗಿ ಕೇರಿ ಮೊರದಲ್ಲಿಟ್ಟರೆ ಅವರು ಸುಮ್ಮನೆ ಕೈಯಾಡಿಸಿ ನಾಲ್ಕು ಕಲ್ಲು ಹೆಕ್ಕಿ ನನ್ನ ಮುಂದೆ ಸಾಲಾಗಿ ಇಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಒಂದು ಮಧ್ಯಾಹ್ನ ಹೀಗೆಯೇ ನಾಲ್ಕು ಕಲ್ಲಿಟ್ಟಾಗ ನನ್ನ ತಾಳ್ಮೆ ಹರಿಯಿತು.

"ಪೂರ್ತಿ ಕಣ್ಣು ಹೋದ್ರಾದ್ರೂ ಈ ಮನೇಲಿ ನೆಮ್ಮದಿ ಇರ್ತದೇನೋ!" ಎಂದುಬಿಟ್ಟೆ.

ಐದನೆಯ ಕಲ್ಲೊಂದು ಅತ್ತೆಯ ಬೆರಳಿಗೆ ಸಿಕ್ಕಿತ್ತು, ಅದನ್ನು ನನ್ನ ಮುಂದೆ ಇಡದೆ ಅಂಗಳಕ್ಕೆ ಎಸೆದರು. ನನಗೆ ಸಂಜೆಯ ಹೊತ್ತಿಗೆ ಅದು ಮರೆತುಹೋಯಿತು. ಆಡಿದವರಿಗೆ ಮರೆಯುವುದು ಸುಲಭ.

ಆ ಮುಂಗಾರಿನಲ್ಲಿ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಕೆಲಸ ಹೇಳಿದರು. ಊರಾಚೆ ಕೆರೆ ಏರಿಯ ಕೆಳಗೆ ಈಶ್ವರನ ಗುಡಿ ಇದೆಯಲ್ಲ, ಅದರ ಹಿಂದಿನ ತೋಟದಲ್ಲಿ ಒಂದು ಬಿಳಿ ಹೂವಿನ ಗಿಡ ಇದೆ. ಸುತ್ತು ಸುತ್ತಾಗಿ ಎಸಳು, ಬಟ್ಟಲ ಹಾಗೆ. ವರ್ಷವಿಡೀ ಎಲೆ ಹಸಿರು. ಅದರ ಹೂವನ್ನು ಇಬ್ಬನಿ ಸಮೇತ ತಂದು ರೆಪ್ಪೆಯ ಮೇಲಿಟ್ಟುಕೊಂಡರೆ ಕಣ್ಣು ತಂಪಾಗುತ್ತದೆ, ಪೊರೆ ನಿಧಾನವಾಗುತ್ತದೆ. ಒಂದು ಕೊಂಬೆ ತಂದು ಹಿತ್ತಲಲ್ಲಿ ನೆಡು.

"ಯಾವ ಗಿಡ ಅತ್ತೆ, ಹೆಸರು?"

"ಶ್! ಹೆಸರೆತ್ತಬೇಡ. ಕಣ್ಣಿನ ಮದ್ದಿನ ಗಿಡಕ್ಕೆ ಹೆಸರು ಹೇಳಿದ್ರೆ ಗುಣ ಹೊರಟೋಗ್ತದೆ."

ಇದು ಆ ಕಡೆಯ ಕಟ್ಟಳೆ. ಕಣ್ಣಿನ ಮದ್ದನ್ನು ಕೇಳಿ ತರಬಾರದು. ಭಾನುವಾರ ಬೆಳಿಗ್ಗೆ ಬಾಯಿ ಮುಕ್ಕಳಿಸದೆ, ಎದುರು ಬಂದವರೊಂದಿಗೆ ಮಾತಾಡದೆ ಹೋಗಿ ಮುರಿದು ತರಬೇಕು. ನೆಟ್ಟ ಮೇಲೂ ಮನೆಯಲ್ಲಿ ಯಾರೂ ಹೆಸರು ಹೇಳಬಾರದು, ಹೊರಗಿನವರನ್ನು ವಿಚಾರಿಸಬಾರದು. ಮದ್ದು ತೆಗೆದುಕೊಳ್ಳುವವರು ಹೂ ಬಿಡುವವರೆಗೆ ಗಿಡವನ್ನು ಮುಟ್ಟಬಾರದು. ನನಗೆ ಅರ್ಥವಾಗಿತ್ತು, ಅವರು ಹೇಳುತ್ತಿದ್ದದ್ದು ನಂದಿಬಟ್ಟಲು ಎಂದು. ಹೂವಾಡಗಿತ್ತಿಯ ಬುಟ್ಟಿಯಲ್ಲಿ ಆ ಹೂ ನೋಡಿದ್ದೆ. ಗಿಡವನ್ನು ನೋಡಿರಲಿಲ್ಲ. ನನ್ನ ತವರಿನ ಬಯಲಲ್ಲಿ ರಾಗಿ, ಹುರುಳಿ, ಅವರೆ ಬಿಟ್ಟರೆ ಬೇಲಿಯ ಗಿಡ, ಅಂಗಳದ ತುಳಸಿ, ಅಷ್ಟೇ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೋದೆ. ಗುಡಿಯ ಹಿಂದೆ ಗಿಡಗಳು ಒಂದರೊಳಗೊಂದು ಹೆಣೆದುಕೊಂಡು ಪೊದೆಯಾಗಿದ್ದವು. ಅಲ್ಲಲ್ಲಿ ಬಿಳಿ ಹೂ ಕಂಡವು, ಸುತ್ತು ಸುತ್ತಾಗಿ, ಅತ್ತೆ ಹೇಳಿದ ಹಾಗೆಯೇ. ಪೂಜೆಯವರ ಮನೆಯ ಕಡೆಯಿಂದ ಕೊಡದ ಸದ್ದು ಬಂತು. ಅವರು ಬಂದು ಏನಮ್ಮಾ ಎಂದರೆ ಉತ್ತರ ಕೊಡಬೇಕು, ಉತ್ತರ ಕೊಟ್ಟರೆ ಮದ್ದು ಕೆಡುತ್ತದೆ. ಕೈಗೆ ಸಿಕ್ಕ ಕೊಂಬೆಯೊಂದನ್ನು ಲಟಕ್ಕನೆ ಮುರಿದು ಸೆರಗಿನೊಳಗೆ ಮುಚ್ಚಿಕೊಂಡು ಏರಿ ಹತ್ತಿ ಓಡಿದೆ.

ಬಚ್ಚಲ ಹಿಂದೆ ನೀರು ಹರಿಯುವ ಕಡೆ ಗುಂಡಿ ತೋಡಿ ನೆಟ್ಟೆ. ಕೊಂಬೆಯ ತುದಿಗೆ ಸಗಣಿ ಮೆತ್ತಿದೆ. ಆಡು ಬಾಯಿ ಹಾಕದಿರಲೆಂದು ಸುತ್ತ ಜಾಲಿ ಮುಳ್ಳು ನಿಲ್ಲಿಸಿದೆ. ಅತ್ತೆ ಆ ಕಡೆ ಬರುತ್ತಿರಲಿಲ್ಲ. ಹಿಂದಿನ ವರ್ಷ ಬಚ್ಚಲ ಕಲ್ಲಿನ ಮೇಲೆ ಜಾರಿ ಸೊಂಟ ನೋಯಿಸಿಕೊಂಡಿದ್ದರು. ಜಗಲಿಯಿಂದಲೇ ದಿನಕ್ಕೊಂದು ಸಲ, "ಆ ಗಿಡ ಹೆಂಗದೆ?" ಎಂದು ಕೇಳುತ್ತಿದ್ದರು. "ಚಿಗುರಿದೆ ಅತ್ತೆ" ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಕಲ್ಲು ಹೆಕ್ಕದ ಮಾತು ಅದೊಂದೇ. ನನಗೆ ಆ ಗಿಡದ ಮೇಲೆ ಹೊಟ್ಟೆಯ ಮಗುವಿನ ಮೇಲಿರುವಂಥ ಆಸೆ ಬೆಳೆಯಿತು.

ಗಿಡ ಸೊಗಸಾಗಿ ಬಂತು. ಬೇಸಿಗೆಯಲ್ಲಿ ಊರಿನ ಹಸಿರೆಲ್ಲ ಸುಟ್ಟುಹೋದರೂ ಅದು ಮಾತ್ರ ಒಂದೆಲೆ ಉದುರಿಸದೆ ನಿಂತಿತ್ತು. ಎಲೆ ಉದ್ದ, ದಪ್ಪ, ಚರ್ಮದ ಹಾಗೆ. ಒಂದೊಂದು ಗೆಣ್ಣಿನಲ್ಲೂ ಮೂರು ಮೂರು ಎಲೆ. ನೀರು ಹಾಕುವಾಗ ಎಷ್ಟೋ ಸಲ ಅದನ್ನು ನೋಡಿದ್ದೇನೆ. ಮೂರೆಲೆ ಎಂದರೆ ಬಿಲ್ವದ ಹಾಗೆ, ಈಶ್ವರನ ಗುಡಿಯ ಗಿಡವಲ್ಲವೇ, ಸರಿಯಾಗಿಯೇ ಇದೆ ಎಂದುಕೊಂಡೆ. ಒಂದು ದಿನ ಮುಳ್ಳು ಸರಿದು ಪಕ್ಕದ ಮನೆಯ ಆಡು ಒಳಗೆ ನುಗ್ಗಿತು. ನಾನು ಕೋಲು ಹಿಡಿದು ಓಡುವಷ್ಟರಲ್ಲಿ ಅದು ಗಿಡವನ್ನು ಮೂಸಿ, ತಲೆ ಕೊಡವಿ, ಬೇಲಿಯ ಒಣ ಮುಳ್ಳನ್ನೇ ತಿನ್ನುತ್ತಾ ನಿಂತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆಡೇ ಮುಟ್ಟದ ಸೊಪ್ಪನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ. ದೇವರ ಮದ್ದು, ಮೂಕ ಪ್ರಾಣಿಗೂ ಗೊತ್ತಾಗುತ್ತದೆ ಎಂದು ಕೈ ಮುಗಿದೆ.

ನೆಟ್ಟ ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮೊಗ್ಗು ಬಂತು. ಹೂವೂ ಅರಳಿತು, ಬೆಳ್ಳಗೆ, ಸುತ್ತು ಸುತ್ತಾಗಿ. ಇಬ್ಬನಿಯ ಸಮೇತ ಬಿಡಿಸಿ ಹಿತ್ತಾಳೆ ಬಟ್ಟಲಲ್ಲಿಟ್ಟುಕೊಂಡು ಜಗಲಿಗೆ ಬಂದೆ. ಅತ್ತೆ ಚಾಪೆಯ ಮೇಲೆ ಮಲಗಿದ್ದರು. ಕೈ ಚಾಚಿದರು. ಹೂ ಕೊಟ್ಟೆ. ಬೆರಳ ನಡುವೆ ಅದನ್ನು ಒಂದು ಸುತ್ತು ತಿರುಗಿಸಿದರು, ಮೂಸಿದರು. ತೊಟ್ಟಿನ ಜೊತೆ ಎಲೆಯ ಕುಡಿಯೊಂದು ಬಂದಿತ್ತು, ಅದನ್ನೂ ಸವರಿದರು. ಉಗುರಿನಿಂದ ಇನ್ನೊಮ್ಮೆ ಗೀರಿ ನೋಡಿದರು.

"ನೀನೇ ಹೋಗಿ ತಂದ ಕೊಂಬೇನಾ?"

"ಹೂಂ ಅತ್ತೆ, ನಾನೇ."

"ಯಾರನ್ನೂ ಕೇಳ್ಲಿಲ್ವಾ?"

"ಇಲ್ಲ, ನೀವು ಹೇಳಿದ ಹಂಗೇ ತಂದೆ."

ಅವರು ಕಣ್ಣು ಮುಚ್ಚಿದರು. ನಾನೇ ಹೂವನ್ನು ಬಲಗಣ್ಣಿನ ರೆಪ್ಪೆಯ ಮೇಲಿಟ್ಟೆ. ಅವರ ರೆಪ್ಪೆ ಅದುರುತ್ತಿತ್ತು, ತಣ್ಣಗಿದ್ದುದಕ್ಕೆ ಎಂದುಕೊಂಡೆ. ಒಲೆ ಉರಿಸಲು ಒಳಗೆ ಹೋದೆ. ಕಾಫಿ ತಂದಾಗ ಅವರು ಎದ್ದು ಕೂತಿದ್ದರು. ಹೂ ಎಲ್ಲಿ ಎಂದರೆ, "ಆಯ್ತಲ್ಲ, ಬಿಸಾಕ್ದೆ" ಎಂದರು.

ಹೀಗೆ ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ಅತ್ತೆ ಸೊರಗಿದರು. ಬೆಳಗಿನ ರೊಟ್ಟಿ ಬೇಡ, ಹೊಟ್ಟೆ ಸರಿಯಿಲ್ಲ ಎನ್ನುವರು. ಮಧ್ಯಾಹ್ನದ ಮುದ್ದೆಯೂ ಬೇಡ. "ಮಗ ಬರ್ಲಿ, ಅವನ ಜೊತೇಲೇ ಉಣ್ತೀನಿ" ಎಂದು ಕೂರುವರು. ರಾತ್ರಿ ಯಜಮಾನರು ಉಂಡ ಮೇಲೆ ಅದೇ ಪಾತ್ರೆಯಿಂದ ಎರಡು ತುತ್ತು ತಿನ್ನುವರು. ಬಲಗಣ್ಣು ಕೆಂಪಾಗಿತ್ತು. ಮದ್ದು ಒಳಗೆ ಕೆಲಸ ಮಾಡುವಾಗ ಹಾಗೆಯೇ ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಹೂವಾಡಗಿತ್ತಿ ಬಂದಳು. ವಾರಕ್ಕೊಮ್ಮೆ ಪೇಟೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ವಯಸ್ಸಾದ ಹೆಂಗಸು. ಅತ್ತೆ ಒಳಗೆ ಮಲಗಿದ್ದರು. ಕುಡಿಯಲು ನೀರು ಕೇಳಿಕೊಂಡು ಹಿತ್ತಲಿಗೆ ಬಂದವಳು ಬಚ್ಚಲ ಹಿಂದೆ ಇಣುಕಿ ನಿಂತುಬಿಟ್ಟಳು.

"ಅಯ್, ಬಿಳಿ ಕಣಗಿಲೆ! ಎಲ್ಲಿ ಸಿಕ್ತವ್ವಾ ನಿಂಗೆ? ಸುತ್ತು ಕಣಗಿಲೆ ಈ ಕಡೆ ಅಪರೂಪ."

ನಾನು ನಕ್ಕೆ. "ಕಣಗಿಲೆ ಅಲ್ಲಜ್ಜಿ. ಕಣಗಿಲೆ ಹಳದಿ ಅಲ್ವಾ?"

"ಅದು ಕಾಡು ಕಣಗಿಲೆ. ಇದು ಊರು ಕಣಗಿಲೆ. ಎಲೆ ನೋಡು, ಮೂರು ಮೂರು. ಬಾಡಿದ ಹೂವು ಉದುರದೆ ಗಿಡದಲ್ಲೇ ಅಂಟ್ಕೊಂಡದೆ, ಕಾಣ್ಸಲ್ವಾ? ಗುಡಿಗೆ ಚೆಂದ ಬಿಡು. ಆದ್ರೆ ದನ ಈ ಕಡೆ ಬಿಡಬೇಡ ತಾಯಿ. ಒಣಗಿದ ಕಡ್ಡಿ ಒಲೆಗೂ ಹಾಕಬೇಡ. ಎಲ್ಲಾ ವಿಷ."

ಅವಳು ನೀರು ಕುಡಿದು ಹೋದಳು. ನಾನು ಬಚ್ಚಲ ಕಲ್ಲಿನ ಮೇಲೆ ಕೂತೆ. ನನ್ನ ತವರಿನಲ್ಲಿ ಕಣಗಿಲೆ ಎಂದರೆ ಹಳದಿ ಗಂಟೆ ಹೂವಿನದು, ಹುಲ್ಲಿನಂಥ ಸಪೂರ ಎಲೆಯದು. ಅದರ ಕಾಯಿ ಆಯ್ದು ಆಡಿದ್ದಕ್ಕೆ ಅಮ್ಮ ನನ್ನ ಅಂಗೈಗೆ ಬರೆ ಬರುವ ಹಾಗೆ ಹೊಡೆದಿದ್ದಳು. ಅದನ್ನು ಮೆಂದ ಪಕ್ಕದ ಮನೆಯ ಕರು ಸಂಜೆಯೊಳಗೆ ಕಾಲು ಚಾಚಿದ್ದನ್ನು ಕಣ್ಣಾರೆ ಕಂಡಿದ್ದೆ. ಆ ಹೆಸರಿನ ಗಿಡಕ್ಕೆ ಬಿಳಿ ಹೂವಿನ, ದಪ್ಪ ಎಲೆಯ ಅಕ್ಕನೊಬ್ಬಳು ಇರುವುದು ನನಗೆ ಗೊತ್ತಿರಲಿಲ್ಲ. ಒಂಬತ್ತು ದಿನ ಅದನ್ನು ಒಬ್ಬರ ಇರುವ ಒಂದೇ ಕಣ್ಣಿನ ಮೇಲೆ ನನ್ನ ಕೈಯಾರೆ ಇಟ್ಟಿದ್ದೆ.

ಸೊರಗಿದ್ದು, ಊಟ ಬಿಟ್ಟದ್ದು, ಕಣ್ಣು ಕೆಂಪಾದದ್ದು, ಎಲ್ಲವೂ ಒಮ್ಮೆಲೇ ಲೆಕ್ಕಕ್ಕೆ ಬಂದವು. ವಿಷ ಏರುತ್ತಿದೆ. ಕಣ್ಣಂತೂ ಹೋಯಿತು, ಜೀವವೂ ಹೋದೀತು. ಆಗಲೇ ಓಡಿ ಹೋಗಿ ಅತ್ತೆಯ ಕಾಲು ಹಿಡಿದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಊರೆಲ್ಲ ಕೇಳಿಸುವ ಹಾಗೆ ಮಾತಾಡುವ ನನ್ನ ಬಾಯಿ ಆಗ ಹೊಲಿದಂತಾಯಿತು. ನನಗೆ ಅವರ ಕಣ್ಣಿಗಿಂತ ಮೊದಲು ನೆನಪಾದದ್ದು ನನ್ನ ಗತಿ. ಸೊಸೆ ಅತ್ತೆಯ ಕಣ್ಣಿಗೆ ವಿಷ ಇಟ್ಟಳು ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಾರೆ. ಗೊತ್ತಿಲ್ಲದೆ ಎಂದರೆ ಯಾರು ನಂಬುತ್ತಾರೆ? ಯಜಮಾನರೇ ನಂಬುತ್ತಾರೆಯೇ? ತವರಿಗೆ ಕಳಿಸಿಬಿಟ್ಟರೆ? ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಭಯ ಆ ಕ್ರಮದಲ್ಲೇ ಬಂದದ್ದು.

ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಜಗಲಿಗೆ ಬಂದೆ. "ಇವತ್ತು ಹೂ ಬಿಟ್ಟಿಲ್ಲ ಅತ್ತೆ."

"ಬಿಟ್ಟಿಲ್ವಾ?" ಎಂದರು. ದೊಡ್ಡದೊಂದು ಉಸಿರು ಬಿಟ್ಟರು. ಪಾಪ, ನಿರಾಸೆಯಾಯಿತು ಎಂದುಕೊಂಡೆ. ಅದರ ಹಿಂದೆಯೇ, ನಾಳೆ ಏನು ಹೇಳಲಿ ಎಂಬ ಭಯ.

ನಾಳೆಯವರೆಗೆ ಹೋಗಲಿಲ್ಲ. ಯಜಮಾನರು ಸೈಕಲ್ ಹತ್ತಿ ಹೋದ ಸ್ವಲ್ಪ ಹೊತ್ತಿಗೆ ಅತ್ತೆ ಚಾಪೆಯಿಂದ ಏಳಲು ಹೋಗಿ ಕಂಬ ಹಿಡಿದುಕೊಂಡು ಹಾಗೆಯೇ ಕುಸಿದರು. ಮೈಯೆಲ್ಲ ಬೆವರು. "ತಲೆ ತಿರುಗ್ತಾ ಇದೆ ಕಣೆ" ಎಂದರು. ನಾನು ನೀರು ತಂದು ಬಾಯಿಯ ಹತ್ತಿರ ಹಿಡಿದರೆ ತುಟಿ ಬಿಗಿದರು.

ಆಮೇಲೆ ನಾನು ಮಾಡಿದ್ದೆಲ್ಲ ಯಾರೋ ನೂಕಿದಂತೆ ನಡೆಯಿತು. ಪಕ್ಕದ ಮನೆಯವರ ಗಾಡಿ ಕಟ್ಟಿಸಿ ಸಾಸಲಿನ ರಸ್ತೆಗೆ ಬಂದೆ. ಬಸ್ಸು ಬರುವವರೆಗೆ ಅತ್ತೆಯನ್ನು ಮೈಲಿಗಲ್ಲಿನ ಮೇಲೆ ಕೂರಿಸಿ ನನ್ನ ಸೊಂಟಕ್ಕೆ ಒರಗಿಸಿಕೊಂಡಿದ್ದೆ. ಅವರು ಒಂದು ಕೈಯಲ್ಲಿ ಎಲೆಅಡಿಕೆ ಚೀಲವನ್ನು ಬಿಗಿಯಾಗಿ ಹಿಡಿದಿದ್ದರು. ಬಸ್ಸಿನಲ್ಲಿ ಉದ್ದಕ್ಕೂ ಅವರ ಉಸಿರನ್ನು ಎಣಿಸಿದೆ. ಒಂದು ಉಸಿರು ತಡವಾದರೆ ನನ್ನ ಉಸಿರು ನಿಲ್ಲುತ್ತಿತ್ತು. ಈಶ್ವರಾ, ಕಣ್ಣು ಹೋದರೂ ಹೋಗಲಿ, ಜೀವ ಉಳಿಸು ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಈ ಮಾತನ್ನು ಎಲ್ಲೋ ಮೊದಲೇ ಆಡಿದ್ದೇನೆ ಅನ್ನಿಸಿತು. ರಾಗಿಯ ಮೊರ, ನಾಲ್ಕು ಕಲ್ಲು. ಆವತ್ತಿನಿಂದ ಅದು ಮೊದಲ ಸಲ ನೆನಪಾದದ್ದು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. "ಏನು ತಿಂದಿದ್ರು? ಕಣ್ಣಿಗೆ ಏನಾದ್ರೂ ಹಾಕಿದ್ರಾ?"

ಹೇಳಬೇಕಾದ ಹೊತ್ತು ಬಂದೇಬಿಟ್ಟಿತು. ನೆಲ ನೋಡುತ್ತಾ ಹೇಳಿದೆ. "ನಂದಿಬಟ್ಟಲು ಅಂದ್ಕೊಂಡು ಕಣಗಿಲೆ ಹೂ ಇಟ್ಟೆ ಸ್ವಾಮಿ. ಒಂಬತ್ತು ದಿನ. ನಿನ್ನೆ ಗೊತ್ತಾಯ್ತು. ಹೇಳ್ಲಿಲ್ಲ."

ಡಾಕ್ಟರು ಬ್ಯಾಟರಿ ಆರಿಸಿ ನನ್ನನ್ನು ನೋಡಿದರು. ಬೈಯಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅತ್ತೆ, "ಒಂದೂ ಇಟ್ಕೊಂಡಿಲ್ಲ ಡಾಕ್ಟ್ರೇ" ಎಂದರು.

ಎಲೆಅಡಿಕೆ ಚೀಲದ ಒಳಜೇಬಿಗೆ ಬೆರಳು ಹಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಣಗಿ ಕಂದಾದ ಹೂಗಳು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆ. ಒಂಬತ್ತು.

"ಇವಳು ಅಡುಗೆಮನೆಗೆ ಹೋಗೋದು ಕಾಯ್ತಿದ್ದೆ. ತಕ್ಷಣ ತೆಗೆದು ನೀರಲ್ಲಿ ಕಣ್ಣು ತೊಳ್ಕೊಂಡುಬಿಡ್ತಿದ್ದೆ. ತಿಕ್ಕಿ ತಿಕ್ಕಿ ಕೆಂಪಾಗ್ಯದೆ."

ಡಾಕ್ಟರು ಇನ್ನೊಮ್ಮೆ ಕಣ್ಣು ನೋಡಿದರು. ಪೊರೆ ಇದೆ, ಅದು ಹಳೆಯದು, ಶಸ್ತ್ರಚಿಕಿತ್ಸೆ ಮಾಡಿಸಬೇಕು, ಬೇರೇನೂ ಆಗಿಲ್ಲ ಎಂದರು. ತಲೆ ತಿರುಗಿದ್ದು ನಿಶ್ಶಕ್ತಿಯಿಂದ. "ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲಮ್ಮಾ?" ಎಂದು ಕೇಳಿದರು. ಅತ್ತೆ ಹೂವಿನ ಗಂಟನ್ನು ಮತ್ತೆ ಕಟ್ಟತೊಡಗಿದರು. ಆಗ ನನಗೆ ಅರ್ಥವಾಯಿತು. ಮಗ ಬರಲಿ ಎಂದು ಕಾಯುತ್ತಿದ್ದದ್ದು, ಅವನು ಉಂಡ ಪಾತ್ರೆಯಿಂದಲೇ ಉಣ್ಣುತ್ತಿದ್ದದ್ದು, ನೀರಿಗೆ ತುಟಿ ಬಿಗಿದದ್ದು. ನಾನು ಅವರ ಪ್ರಾಣಕ್ಕೆ ಹೆದರಿ ಉಸಿರು ಎಣಿಸುತ್ತಾ ಬಂದ ಆ ಬಸ್ಸಿನಲ್ಲಿ, ಅವರು ನನಗೆ ಹೆದರಿ ನನ್ನ ಪಕ್ಕದಲ್ಲೇ ಕೂತಿದ್ದರು.

ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಕೂತೆವು. ನಾನು ಅತ್ತುಬಿಟ್ಟೆ. ಸಿಟ್ಟೂ ಬಂತು.

"ಗೊತ್ತಾದ ಮೊದಲ ದಿನಾನೇ ಹೇಳಬಾರದಿತ್ತಾ ಅತ್ತೆ? ಕೈಯಲ್ಲಿ ಹಿಡಿದಾಗಲೇ ಗೊತ್ತಾಯ್ತಲ್ಲ ನಿಮಗೆ!"

"ಗೊತ್ತಾಯ್ತು. ಎಲೆ ಮುಟ್ಟಿದೆ, ಗೊತ್ತಾಯ್ತು. ಈಶ್ವರನಿಗೆ ಎಷ್ಟು ಕಟ್ಟಿದೀನಿ ಅದನ್ನ." ಎಲೆಅಡಿಕೆ ಚೀಲದ ದಾರ ಎಳೆದು ಬಿಗಿದರು. "ಇವಳು ಗೊತ್ತಿದ್ದು ಇಡ್ತವಳೋ, ಗೊತ್ತಿಲ್ದೆ ಇಡ್ತವಳೋ ಅಂತ ಯೋಚ್ನೆ. ಕೇಳಿದ್ರೆ ಎರಡರಲ್ಲಿ ಒಂದು ತಿಳಿತಿತ್ತು. ಅದು ತಿಳಿಯೋದೇ ನಂಗೆ ಭಯ ಕಣೆ. ನಿನ್ನ ಕೈಲೇ ಉಣ್ಣಬೇಕು, ನಿನ್ನ ಕೈಲೇ ಸಾಯಬೇಕು. ಹಗಲೆಲ್ಲ ನಾವಿಬ್ಬರೇ."

"ನಾನು ಅಂಥೋಳಾ ಅತ್ತೆ?"

"ಕಣ್ಣು ಹೋದ್ರೆ ನೆಮ್ಮದಿ ಅಂದಿದ್ಯಲ್ಲ."

ಉದುರಿದ ಹೊಂಗೆಯ ಎಲೆಯೊಂದನ್ನು ಎತ್ತಿ ಚೂರು ಚೂರು ಮಾಡಿದೆ.

"ಹೂವು ಯಾಕೆ ಎತ್ತಿಟ್ಕೊಂಡ್ರಿ?" ಎಂದು ಕೊನೆಗೆ ಕೇಳಿದೆ. ಕೇಳಬಾರದಿತ್ತು.

"ನಂಗೇನಾದ್ರೂ ಆದ್ರೆ ನನ್ನ ಮಗ ಚೀಲ ಬಿಚ್ಚಿ ನೋಡ್ತಾನಲ್ಲ, ಅದಕ್ಕೆ."

ಬಸ್ ನಿಲ್ದಾಣದ ಹತ್ತಿರ ಎರಡು ಬನ್ನು, ಎರಡು ಬಾಳೆಹಣ್ಣು ತಂದೆ. ಅವರು ಬನ್ನನ್ನು ಕೈಯಲ್ಲಿ ಹಿಡಿದು ಕೂತರು. ನಾನು ಅವರ ಕೈಯಿಂದಲೇ ಒಂದು ತುಂಡು ಮುರಿದು ನನ್ನ ಬಾಯಿಗೆ ಹಾಕಿಕೊಂಡು ಸದ್ದಾಗುವ ಹಾಗೆ ಅಗಿದೆ. ಆಮೇಲೆ ಅವರು ತಿಂದರು. ಗಬಗಬನೆ ತಿಂದರು. ಎಷ್ಟು ಹಸಿದಿದ್ದರೆಂದು ನೋಡಲಾರದೆ ನಾನು ರಸ್ತೆಯ ಕಡೆ ಮುಖ ಮಾಡಿದೆ.

ಮನೆಗೆ ಬಂದವಳೇ ಕುಡುಗೋಲು ಹಿಡಿದು ಬಚ್ಚಲ ಹಿಂದಕ್ಕೆ ನಡೆದೆ. ಅತ್ತೆ ಜಗಲಿಯಿಂದ ಕೂಗಿದರು. "ಅದನ್ಯಾಕೆ ಕಡೀತೀಯ? ಗಿಡ ಏನು ಮಾಡ್ತು? ದೇವರಿಗೆ ಆಗ್ತದೆ, ಇರ್ಲಿ ಬಿಡು." ಹಾಗಾಗಿ ಅದು ಉಳಿಯಿತು. ದನವನ್ನು ಮುಂದುಗಡೆ ಕಟ್ಟಿದೆವು. ಯಜಮಾನರಿಗೆ ನಾವಿಬ್ಬರೂ ಹೇಳಿದ್ದು ಪಿತ್ತ ಕೆದರಿತ್ತು ಎಂದು. ಅಷ್ಟರ ಮಟ್ಟಿಗೆ ಅತ್ತೆ ನನ್ನನ್ನು ಕಾಪಾಡಿದರು. ಆ ಗಂಟನ್ನು ಅವರು ಏನು ಮಾಡಿದರೋ ನನಗೆ ತಿಳಿಯದು. ಬಹಳ ದಿನ ಅವರ ಚೀಲದ ಕಡೆ ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಮುಂದಿನ ವಾರ ಅವರೇ ನನ್ನ ಭುಜ ಹಿಡಿದುಕೊಂಡು ಗುಡಿಯ ತೋಟಕ್ಕೆ ಬಂದರು. ಭಾನುವಾರವಲ್ಲ, ಹಾಡುಹಗಲು. ಪೂಜೆಯವರನ್ನು ಕೇಳಿಯೇ ಒಳಗೆ ಹೋದೆವು. ಪೊದೆಯ ಮುಂದೆ ನಿಂತು ಅತ್ತೆ ನನ್ನ ಕೈ ಹಿಡಿದು ಎಲೆಯ ಮೇಲಿಟ್ಟರು.

"ಇದು ಕಣಗಿಲೆ. ಎಲೆ ದಪ್ಪ, ಗೆಣ್ಣಿಗೆ ಮೂರು. ಉಗುರಲ್ಲಿ ಸವರಿ ನೋಡು, ನಡುಗೀರಿಂದ ಅಂಚಿನವರೆಗೆ ಸಣ್ಣ ಗೀರು ಒತ್ತೊತ್ತಾಗಿ. ಇತ್ತ ಬಾ. ಇದು ನಂದಿಬಟ್ಟಲು. ಎಲೆ ತೆಳು, ಅಗಲ, ಅಂಚು ಅಲೆ ಅಲೆ. ಎದುರುಬದುರು ಎರಡೇ. ಮುರಿ ನೋಡು, ಹಾಲು ಸುರೀತದೆ."

"ಹೆಸರು ಹೇಳಿಬಿಟ್ರಲ್ಲ ಅತ್ತೆ, ಗುಣ ಹೋಗಲ್ವಾ?"

"ಹೋದ್ರೆ ಹೋಗ್ಲಿ" ಎಂದರು. "ಹೆಸರಿಲ್ದೆ ತಂದಿದ್ದಕ್ಕೆ ಏನಾಯ್ತು ನೋಡ್ಲಿಲ್ವಾ."

ಹೊಸ ಕೊಂಬೆಯನ್ನು ಈ ಸಲ ಮುಂಬಾಗಿಲಿನ ಪಕ್ಕ ನೆಟ್ಟೆ, ಅತ್ತೆಯ ಕೈಗೆ ಎಟುಕುವ ಹಾಗೆ. ಅವರು ಶಸ್ತ್ರಚಿಕಿತ್ಸೆಗೆ ಒಪ್ಪಲೇ ಇಲ್ಲ, ಕಣ್ಣಿಗೆ ಕತ್ತಿ ತಾಗಿಸಲಾರೆ ಎಂದರು. ನಂದಿಬಟ್ಟಲು ಹೂ ಬಿಟ್ಟ ಮೇಲೆ ಬೆಳಿಗ್ಗೆ ಬೆಳಿಗ್ಗೆ ಬಿಡಿಸಿ ಕೊಡುವುದು ನನ್ನ ಕೆಲಸವಾಯಿತು. ಮೊದಲ ದಿನ ಬರಿ ಹೂ ತಂದಾಗ ಅತ್ತೆ ಅದರ ತೊಟ್ಟನ್ನು ಬೆರಳಲ್ಲಿ ತಡಕಿದರು. ಆಮೇಲೆ, ನನ್ನ ಕಡೆ ಮುಖ ತಿರುಗಿಸದೆ, "ಎಲೆ ಸಮೇತ ತಾ" ಎಂದರು.

ತಂದೆ. ಆವತ್ತಿನಿಂದ ಒಂದು ದಿನವೂ ಎಲೆಯಿಲ್ಲದ ಹೂ ತರಲಿಲ್ಲ. ಅವರು ಮೊದಲು ಎಲೆ ಸವರುವರು, ಒಂದು, ಎರಡು, ಆಮೇಲೆ ಹೂವನ್ನು ಕಣ್ಣಿಗಿಟ್ಟುಕೊಳ್ಳುವರು. ಅಷ್ಟು ಹೊತ್ತು ನಾನು ನಿಂತೇ ಇರುತ್ತಿದ್ದೆ. ನಾನೇ ನೆಟ್ಟ ಗಿಡ, ನಾನೇ ಬಿಡಿಸಿದ ಹೂ, ಗೊತ್ತಿದ್ದೂ ಗೊತ್ತಿದ್ದೂ ಹಳೆಯ ಭಯ ಎದ್ದು ಕೂರುತ್ತಿತ್ತು. ಇದರ ನಡುವೆಯೂ ನಾವು ಚೆನ್ನಾಗಿಯೇ ಇದ್ದೆವು. ನನ್ನ ಎರಡು ಬಾಣಂತನ ಅವರೇ ಮಾಡಿದರು. ನನ್ನ ಬಾಯಿಯನ್ನು ಅವರು ಗೇಲಿ ಮಾಡುವರು, ಅವರ ಬೆರಳನ್ನು ನಾನು. ರಾಗಿಯಲ್ಲಿ ಕಲ್ಲು ಸಿಕ್ಕರೆ ಇಬ್ಬರೂ ನಗುತ್ತಿದ್ದೆವು. ಆದರೆ ಎಲೆ ಮುಟ್ಟದೆ ಅವರು ಹೂ ಇಟ್ಟುಕೊಂಡದ್ದು ನಾನು ಒಂದು ದಿನವೂ ಕಾಣಲಿಲ್ಲ. ಬೇಸರವಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಆದರೂ ನಾನು ಎಲೆ ಕೀಳುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ, ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅವರು ಎದ್ದಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಸುಖದ ಸಾವು ಎಂದರು ಬಂದವರೆಲ್ಲ. ಯಾರೋ ಚೆಂಡುಹೂ ತಂದರು, ಯಾರೋ ಹಾರ. ನಾನು ಬಾಗಿಲ ಪಕ್ಕದ ಗಿಡದಿಂದ ನಂದಿಬಟ್ಟಲು ಬಿಡಿಸಿ ತಂದೆ. ನೋಡಿದರೆ, ಅಭ್ಯಾಸಬಲದಿಂದ ಎಲೆ ಸಮೇತ ತಂದಿದ್ದೆ.

ಪಕ್ಕದಲ್ಲಿದ್ದವಳು, "ಎಲೆ ಕಿತ್ತಾಕವ್ವ, ಹೂ ಮಾತ್ರ ಇಡು" ಎಂದಳು.

ನಾನು ಕೀಳಲಿಲ್ಲ. ಅತ್ತೆಯ ಬಲಗೈಯನ್ನು ಬಿಡಿಸಿ, ಆ ಟೊಂಗೆಯನ್ನು ಅಂಗೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದೆ. ಅದಕ್ಕೂ ಮೊದಲು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ನಾನು ಎಲೆ ಎಣಿಸಿದೆ. ಎರಡೇ ಇದ್ದವು.